ಕೈಗೆ ಸಿಕ್ಕ ತಿರುಪು

ನಮ್ಮ ತಂದೆಯವರ ಯೆಜ್ಡಿ ಮೋಟಾರ್ ಸೈಕಲ್ಲು ಹೋದ ವರ್ಷ ಮೂರು ತಿಂಗಳು ನಮ್ಮ ಮನೆಯವರನ್ನೆಲ್ಲ ಪರೀಕ್ಷೆಗೆ ಕೂರಿಸಿತು. ಎಲ್ಲರೂ ಫೇಲಾದೆವು. ಜೀವನವಿಡೀ ಮಕ್ಕಳ ಉತ್ತರ ಪತ್ರಿಕೆ ತಿದ್ದಿದ ನಾನು ಎಲ್ಲರಿಗಿಂತ ಕಡಿಮೆ ಅಂಕ ತೆಗೆದೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿ ನನ್ನ ತವರು. ತಂದೆಯವರು ಪಶುವೈದ್ಯ ಇಲಾಖೆಯಲ್ಲಿ ಸ್ಟಾಕ್‌ಮನ್ ಆಗಿದ್ದರು. ಹೋಬಳಿಯ ಯಾವ ಹಳ್ಳಿಯಿಂದಾದರೂ ಸರಿ, ಹಸು ಈಯಲಾರದೆ ಒದ್ದಾಡುತ್ತಿದೆ ಎಂದು ಯಾರಾದರೂ ನಡುರಾತ್ರಿ ಬಂದು ಬಾಗಿಲು ತಟ್ಟಿದರೆ ಅವರು ಪಂಚೆಯನ್ನು ಎತ್ತಿ ಕಟ್ಟಿ ಗಾಡಿ ಹತ್ತುತ್ತಿದ್ದರು. ಆ ಗಾಡಿಗೆ ಕಿಕ್ ಹೊಡೆಯುವ ಕಡ್ಡಿಯೂ ಒಂದೇ, ಗೇರ್ ಹಾಕುವ ಕಡ್ಡಿಯೂ ಒಂದೇ. ಗಾಡಿಯ ಡುಗುಡುಗು ಶಬ್ದ ಊರಾಚೆ ಕೇಳಿಸಿದ ಕೂಡಲೆ ಅಮ್ಮ ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದರು.

ಈ ಗಾಡಿ ನಮ್ಮ ಮೈಸೂರಿನದು. 1961ರಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಮೊದಲು ಚೆಕೋಸ್ಲೊವಾಕಿಯಾದ ಕಂಪನಿಯ ಸಹಯೋಗದಲ್ಲಿ ಜಾವಾ ಎಂಬ ಹೆಸರಿನಲ್ಲಿ ಗಾಡಿಗಳು ಹೊರಬಂದವು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ಮಾತ್ರ ಮುಚ್ಚಿಕೊಳ್ಳಲಿಲ್ಲ. ಮಂಡ್ಯ, ಮೈಸೂರು ಸೀಮೆಯ ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ಇವತ್ತಿಗೂ ಒಂದು ಜಾವಾ ಅಥವಾ ಯೆಜ್ಡಿ ಗೋಣಿತಾಟು ಹೊದ್ದು ನಿಂತಿರುತ್ತದೆ. ಮಾರಲು ಮನಸ್ಸು ಬಾರದು, ಓಡಿಸಲು ಧೈರ್ಯ ಸಾಲದು.

2019ರಲ್ಲಿ ತಂದೆಯವರು ತೀರಿಕೊಂಡ ಮೇಲೆ ನಮ್ಮದೂ ಹಾಗೆಯೇ ನಿಂತಿತು. ಹೋದ ವರ್ಷ ನನ್ನ ಮಗ, ‘ತಾತನ ಗಾಡಿ ಸ್ಟಾರ್ಟ್ ಮಾಡಬೇಕು’ ಎಂದು ಹಟ ಹಿಡಿದ. ಮೈಸೂರಿನಲ್ಲಿ ಪ್ರತಿ ವರ್ಷ ಜುಲೈ ತಿಂಗಳಲ್ಲಿ ಹಳೆಯ ಜಾವಾ, ಯೆಜ್ಡಿ ಇಟ್ಟುಕೊಂಡವರೆಲ್ಲ ಒಂದು ಕಡೆ ಸೇರುತ್ತಾರೆ; ಅಲ್ಲಿಗೆ ಇದನ್ನು ಓಡಿಸಿಕೊಂಡು ಹೋಗಬೇಕೆಂಬುದು ಅವನ ಆಸೆ. ಗೋಣಿತಾಟು ತೆಗೆದ. ಒರೆಸಿದ. ಹೊಸ ಪೆಟ್ರೋಲು ಹಾಕಿ, ಲೀಟರಿಗೆ 40 ಮಿಲಿಯ ಲೆಕ್ಕದಲ್ಲಿ ಆಯಿಲ್ ಬೆರೆಸಿದ. ಇಪ್ಪತ್ತು ಮೂವತ್ತು ಸಲ ಕಿಕ್ ಹೊಡೆದ ಮೇಲೆ ಗಾಡಿ ಕೆಮ್ಮಿ ಎದ್ದಿತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಅದು ನಿಂತೇಹೋಯಿತು.

ಮುಂದಿನದೆಲ್ಲ ಕಾರ್ಬೊರೇಟರ್ ಪುರಾಣ.

ಗಾಡಿ ಒಮ್ಮೆ ಎದ್ದರೆ ಅರಚಿಕೊಳ್ಳುತ್ತಿತ್ತು. ಆಕ್ಸಿಲರೇಟರ್ ಬಿಟ್ಟರೂ ತಾನೇ ತಾನಾಗಿ ಏರಿ, ಆಮೇಲೆ ಸುಮ್ಮನೆ ಸಾಯುತ್ತಿತ್ತು. ಇನ್ನೊಂದು ದಿನ ಹೊಗೆ ಉಗುಳುತ್ತಿತ್ತು. ನೋಡಿದವರೆಲ್ಲ ಒಂದೇ ಮಾತು ಹೇಳಿದರು: ‘ಕಾರ್ಬೊರೇಟರ್ ಪ್ರಾಬ್ಲಂ.’ ನನ್ನ ತಮ್ಮ ಹೇಳಿದ, ಅವನ ಸ್ನೇಹಿತ ಹೇಳಿದ, ಹಾಲು ಹಾಕುವವನೂ ಹೇಳಿದ. ಏನೂ ತಿಳಿಯದ ನಾನು ಕೂಡ ವಾರದೊಳಗೆ ಹಾಗೆ ಹೇಳುವುದನ್ನು ಕಲಿತೆ. ‘ಅದರದು ಕಾರ್ಬೊರೇಟರ್ ಸರಿಯಿಲ್ಲ’ ಎಂದು ಪಕ್ಕದ ಮನೆಯವರಿಗೆ ಗಂಭೀರವಾಗಿ ಹೇಳಿದಾಗ ನನಗೇ ಹೆಮ್ಮೆಯಾಯಿತು.

ಕಾರ್ಬೊರೇಟರ್ ಎಂದರೇನು? ನಾನು ಬಿ.ಎ. ಓದಿದವಳು, ಯಂತ್ರದ ವಿಷಯ ಅಡುಗೆಮನೆಯ ಮೂಲಕವೇ ನನಗೆ ತಿಳಿಯಬೇಕು. ಸೀಮೆಎಣ್ಣೆಯ ಪಂಪ್ ಸ್ಟೌವ್ ನಿಮಗೆ ನೆನಪಿದೆಯಲ್ಲ? ಅದರ ನಡುವೆ ಹಿತ್ತಾಳೆಯ ಒಂದು ನಿಪ್ಪಲ್ ಇರುತ್ತಿತ್ತು, ಅದರ ತುದಿಯಲ್ಲಿ ಸೂಜಿಮೊನೆಯಷ್ಟು ತೂತು. ಅದರಿಂದ ಹೊಮ್ಮಿದ ಸೀಮೆಎಣ್ಣೆಯ ಆವಿ ಗಾಳಿಯ ಜೊತೆ ಬೆರೆತು ನೀಲಿಯಾಗಿ ಉರಿಯುತ್ತಿತ್ತು. ಕಾರ್ಬೊರೇಟರ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಎಂಜಿನ್ನು ಗಾಳಿಯನ್ನು ಎಳೆದುಕೊಳ್ಳುವ ದಾರಿ ಒಂದು ಕಡೆ ಕಿರಿದಾಗುತ್ತದೆ. ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಕಡಿಮೆಯಾಗುತ್ತದೆ. ಆಗ ಕೆಳಗಿನ ಪುಟ್ಟ ಬಟ್ಟಲಿನಿಂದ ಪೆಟ್ರೋಲು ಜೆಟ್ ಎಂಬ ಹಿತ್ತಾಳೆಯ ತೂತಿನ ಮೂಲಕ ಮೇಲೆದ್ದು, ತುಂತುರಾಗಿ ಗಾಳಿಯಲ್ಲಿ ಬೆರೆಯುತ್ತದೆ. ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ಕಾಯಲು ತೇಲುವ ಒಂದು ಫ್ಲೋಟ್ ಇದೆ. ನಮ್ಮ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ನಲ್ಲಿಯನ್ನು ಮುಚ್ಚುವ ಹಾಗೆಯೇ ಅದರ ಕೆಲಸ.

ಬೆರಕೆ ಹದವಾಗಿದ್ದರೆ ಗಾಡಿ ಓಡುತ್ತದೆ. ಪೆಟ್ರೋಲು ಹೆಚ್ಚಾದರೆ ಕಪ್ಪು ಮಸಿ, ಹೊಗೆ. ಗಾಳಿ ಹೆಚ್ಚಾದರೆ ಎಂಜಿನ್ನು ಕಾದು ಕೆಂಡವಾಗುತ್ತದೆ. ಹಸಿ ಸೌದೆ ತುರುಕಿದ ಒಲೆಗೂ, ಸೌದೆಯಿಲ್ಲದೆ ಬರೀ ಊದುವ ಒಲೆಗೂ ಇರುವ ವ್ಯತ್ಯಾಸ ತಿಳಿದ ಹೆಂಗಸಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಹದವನ್ನು ಸ್ವಲ್ಪ ಆಚೀಚೆ ಮಾಡಲು ಕಾರ್ಬೊರೇಟರಿನ ಹೊರಮೈಯಲ್ಲಿ ಎರಡು ತಿರುಪುಗಳಿವೆ. ಒಂದು ಗಾಳಿಗೆ, ಇನ್ನೊಂದು ನಿಂತಲ್ಲಿ ಎಂಜಿನ್ನು ಎಷ್ಟು ವೇಗದಲ್ಲಿ ತಿರುಗಬೇಕೆಂಬುದಕ್ಕೆ. ಯಾವುದನ್ನೂ ಬಿಚ್ಚಬೇಕಾಗಿಲ್ಲ. ಬಗ್ಗಿ ಕೈಚಾಚಿದರೆ ಸಿಗುತ್ತವೆ. ಹಾಗಾಗಿ ಬಂದವರೆಲ್ಲ ಮೊದಲು ಅವನ್ನೇ ತಿರುಗಿಸಿದರು. ತಮ್ಮ ಬಲಕ್ಕೆ ಅರ್ಧ ಸುತ್ತು ತಿರುಗಿಸಿದ. ಅವನ ಸ್ನೇಹಿತ ಎಡಕ್ಕೆ ಒಂದು ಸುತ್ತು. ನನ್ನ ಮಗ ಫೋನಿನಲ್ಲಿ ಯಾರದೋ ವಿಡಿಯೋ ನೋಡಿ ಇನ್ನಷ್ಟು. ಮೊದಲು ಅದು ಎಲ್ಲಿತ್ತು ಎಂಬುದನ್ನು ಯಾರೂ ಗುರುತು ಹಾಕಿಕೊಂಡಿರಲಿಲ್ಲ. ಪಟ್ಟಣದ ಗ್ಯಾರೇಜಿನ ಹುಡುಗನೊಬ್ಬ ಒಂದು ಹೆಜ್ಜೆ ಮುಂದೆ ಹೋಗಿ, ಜೆಟ್ ಕಟ್ಟಿಕೊಂಡಿದೆ ಎಂದು ತಂತಿ ತೂರಿಸಿ ಚೊಕ್ಕಟ ಮಾಡಿದ. ಹಿಂದೆ ಸ್ಟೌವ್ ಪಿನ್ ಸಿಗದೆ ದಪ್ಪ ತಂತಿ ಹಾಕಿ ನಿಪ್ಪಲನ್ನು ಕೆಡಿಸಿಕೊಂಡವರಿಗೆ ಮುಂದೇನಾಯಿತೆಂದು ಗೊತ್ತು. ತೂತು ಅಗಲವಾಯಿತು. ಹಿತ್ತಾಳೆ ಮೆತ್ತಗಿನ ಲೋಹ, ಹಿಗ್ಗಿದ್ದು ಕುಗ್ಗುವುದಿಲ್ಲ.

ಎಲ್ಲವೂ ಮುಗಿದ ಮೇಲೆ ತಮ್ಮ, ‘ಇದೆಲ್ಲ ಈಗಿನ ಪೆಟ್ರೋಲಿನ ಮಹಿಮೆ ಕಣಕ್ಕ’ ಎಂದು ಕೈಚೆಲ್ಲಿದ. ಅವನ ಮಾತಿನಲ್ಲಿ ಸತ್ಯವಿಲ್ಲದಿರಲಿಲ್ಲ. 2025ರ ಹೊತ್ತಿಗೆ ಪೆಟ್ರೋಲಿಗೆ ನೂರಕ್ಕೆ 20 ಭಾಗ ಎಥನಾಲ್ ಬೆರೆಸುವುದು ದೇಶದಲ್ಲೆಲ್ಲ ಬಂದಿದೆ. ಕಬ್ಬಿನಿಂದ, ಧಾನ್ಯದಿಂದ ತೆಗೆಯುವ ಈ ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಳೆಯ ಗಾಡಿಗಳ ರಬ್ಬರಿಗೆ ಅದು ಅಷ್ಟಾಗಿ ಒಗ್ಗುವುದಿಲ್ಲ. ಆದರೆ ಅವನು ಅದನ್ನು ಹೇಳಿದ್ದು ಹುಡುಕುವುದಕ್ಕಲ್ಲ, ಹುಡುಕುವುದನ್ನು ನಿಲ್ಲಿಸುವುದಕ್ಕೆ. ‘ಎಲ್ಲಾ ಕಲಿಗಾಲ’ ಎಂದು ಹಿರಿಯರು ಹೇಳುವಾಗಲೂ ಹೀಗೆಯೇ ಅಲ್ಲವೇ?

ಕೊನೆಗೆ ಅಮ್ಮ ಹೇಳಿದರು: ‘ನಿಮ್ಮಪ್ಪ ತೋರಿಸ್ತಿದ್ದ ಮೇಸ್ತ್ರಿ ಹತ್ರ ಹೋಗ್ಬಾರ್ದಾ?’ ಆ ಮೇಸ್ತ್ರಿ ಇನ್ನೂ ಇದ್ದಾರೆಂಬುದೇ ನಮಗೆ ಗೊತ್ತಿರಲಿಲ್ಲ. ಈಗ ಅಂಗಡಿಯಲ್ಲಿ ಮಗ ಕೂರುತ್ತಾನೆ. ತಂದೆ ಹೊರಗಿನ ಬೆಂಚಿನ ಮೇಲೆ ಬೀಡಿ ಸೇದುತ್ತಾ ಕೂತಿರುತ್ತಾರೆ. ನಾನೂ ಮಗನೂ ಗಾಡಿಯನ್ನು ತಳ್ಳಿಕೊಂಡು ಹೋದೆವು. ಹೋದ ಕೂಡಲೆ ನಾನು ಬಾಯಿಪಾಠ ಒಪ್ಪಿಸಿದೆ: ‘ಕಾರ್ಬೊರೇಟರ್ ಪ್ರಾಬ್ಲಂ ಮೇಸ್ತ್ರಿ.’

ಅವರು ನನ್ನನ್ನೂ ಗಾಡಿಯನ್ನೂ ನೋಡಿದರು. ‘ಸ್ಟಾಕ್‌ಮನ್ನರ ಮಗಳಲ್ವಾ ನೀನು? ಕೂತ್ಕೊ ಅವ್ವ’ ಎಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. ಮೂರು ತಿಂಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆ.

‘ಯಾವಾಗಿಂದ ಹಿಂಗೆ?’

ಆರು ವರ್ಷ ನಿಂತಿತ್ತು ಎಂದೆ. ‘ನಿಲ್ಲೋಕೆ ಮುಂಚೆ ಹೆಂಗಿತ್ತು?’ ಚೆನ್ನಾಗಿತ್ತು. ‘ನಿಂತ್ಮೇಲೆ ಯಾರ್‌ಯಾರು ಏನೇನ್ ಮಾಡುದ್ರಿ?’ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅವರು ಕಾರ್ಬೊರೇಟರನ್ನು ಮುಟ್ಟಲೇ ಇಲ್ಲ. ‘ಮೊದ್ಲು ಪೆಟ್ರೋಲು, ಆಮೇಲೆ ಬೆಂಕಿ, ಆಮೇಲೆ ಗಾಳಿ, ಕೊನೀಗೆ ಹೊಗೆ’ ಎನ್ನುತ್ತಾ ಒಂದೊಂದಾಗಿ ನೋಡಿದರು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿರುತ್ತದೆ. ಅದು ಮುಚ್ಚಿದ್ದರೆ ಪೆಟ್ರೋಲು ಕೆಳಗಿಳಿಯುವುದಿಲ್ಲ. ಅದು ಸರಿಯಾಗಿತ್ತು. ಪೆಟ್ರೋಲಿನ ಪೈಪು ಬಿಚ್ಚಿ ಸೀಸೆಗೆ ಹಿಡಿದರು, ಧಾರೆ ಸರಿಯಾಗಿತ್ತು. ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ಕಿಕ್ ಹೊಡೆಸಿದರು. ಕಿಡಿ ನೀಲಿಯಾಗಿ ಚಟ್ಟೆಂದಿತು. ಸೈಲೆನ್ಸರ್ ಒಳಗಿನ ಕೊಳವೆ ಎಳೆದು ನೋಡಿದರು. ಟೂ ಸ್ಟ್ರೋಕ್ ಗಾಡಿಯಲ್ಲಿ ಆಯಿಲ್ ಉರಿದು ಅಲ್ಲಿ ಮಸಿ ಗಟ್ಟಿಯಾಗುತ್ತದೆ, ಹೊಗೆಗೆ ಹೊರದಾರಿ ಇಲ್ಲವಾದರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಅಲ್ಲಿಯೂ ಅಂಥ ಮಸಿಯಿರಲಿಲ್ಲ. ಪ್ರತಿ ಸಲವೂ ಒಂದನ್ನು ಮಾತ್ರ ನೋಡಿ, ಅದನ್ನು ಇದ್ದ ಹಾಗೇ ಜೋಡಿಸಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿದರು. ‘ಎರಡು ಒಟ್ಟಿಗೆ ಮಾಡುದ್ರೆ ಯಾವುದ್ರಿಂದ ಸರಿಹೋಯ್ತು ಅಂತ ಹೆಂಗ್ ಗೊತ್ತಾಯ್ತದೆ?’ ಎಂದರು.

ಪ್ಲಗ್ಗನ್ನು ಅಂಗೈ ಮೇಲೆ ಇಟ್ಟು ನನಗೂ ತೋರಿಸಿದರು. ಎಂಜಿನ್ನು ಆರೋಗ್ಯವಾಗಿದ್ದರೆ ಅದರ ಮೂತಿ ಕಾಫಿಪುಡಿಯ ಬಣ್ಣ. ಕಪ್ಪಾಗಿ ಒದ್ದೆಯಿದ್ದರೆ ಪೆಟ್ರೋಲು ಹೆಚ್ಚು. ಬೆಳ್ಳಗಿದ್ದರೆ ಗಾಳಿ ಹೆಚ್ಚು. ನಿಂತಲ್ಲೇ ಓಡಿಸಿ ತೆಗೆದಾಗ ನಮ್ಮದು ಸುಣ್ಣದಂತೆ ಬೆಳ್ಳಗಿತ್ತು. ಎಲ್ಲಿಂದಲೋ ಕಳ್ಳ ಗಾಳಿ ಬರುತ್ತಿತ್ತು.

ಅದು ಸಿಕ್ಕಿದ್ದು ಡೈನಮೋ ಪಕ್ಕದ ಮುಚ್ಚಳ ತೆಗೆದ ಮೇಲೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು ಬೆರೆತ ಗಾಳಿ ಮೊದಲು ಪಿಸ್ಟನ್ನಿನ ಕೆಳಗಿನ ಮನೆಗೆ ಬಂದು, ಅಲ್ಲಿಂದ ಒತ್ತಿಸಿಕೊಂಡು ಮೇಲಿನ ಉರಿಯುವ ಮನೆಗೆ ಏರುತ್ತದೆ. ಆ ಕೆಳಮನೆಗೆ ಎಲ್ಲಿಂದಲೂ ಗಾಳಿ ನುಗ್ಗಬಾರದು. ಅದಕ್ಕಾಗಿ ತಿರುಗುವ ದಂಡದ ಎರಡೂ ಬದಿಗೆ ರಬ್ಬರಿನ ಸೀಲ್ ಇದೆ. ಆರು ವರ್ಷ ಕೊಟ್ಟಿಗೆಯಲ್ಲಿ ನಿಂತು ನಮ್ಮದರ ಸೀಲ್ ಒಣಗಿ, ಗಟ್ಟಿಯಾಗಿ, ಬಿರುಕು ಬಿಟ್ಟಿತ್ತು. ಸುತ್ತಲೂ ಆಯಿಲ್ ಜಿನುಗಿದ ಕಪ್ಪು ಕಲೆ. ಗಾಳಿ ಅಲ್ಲಿಂದ ನುಗ್ಗುತ್ತಿತ್ತು, ಎಂಜಿನ್ನು ಅದಕ್ಕೇ ಅರಚುತ್ತಿತ್ತು.

‘ಹಂಗಾದ್ರೆ ಹೊಗೆ ಯಾಕೆ ಬರ್ತಿತ್ತು?’ ಎಂದು ನನ್ನ ಮಗ ಕೇಳಿದ.

‘ಅದು ನೀವು ಮಾಡಿದ್ದು’ ಎಂದರು ಮೇಸ್ತ್ರಿ. ‘ತಂತಿ ಹಾಕಿ ಜೆಟ್ ತೂತ ಅಗಲ ಮಾಡಿದ್ದೀರಿ. ನಿಂತಾಗ ಗಾಳಿ ಜಾಸ್ತಿ, ಓಡುವಾಗ ಪೆಟ್ರೋಲು ಜಾಸ್ತಿ. ಅದ್ರದ್ದಲ್ದ ತಪ್ಪಿಗೆ ಅದನ್ನ ಹಿಂಸೆ ಮಾಡಿ, ಈಗ ಅದ್ರಲ್ಲೂ ತಪ್ಪು ಇಟ್ಟುಬಿಟ್ರಿ ಕಣವ್ವ.’

ಅವರು ಮತ್ತೇನೂ ಹೇಳಲಿಲ್ಲ, ಬೀಡಿ ಹಚ್ಚಿಕೊಂಡರು. ನಾನು ಮಾತ್ರ ಆ ಬೆಂಚಿನ ಮೇಲೆ ಕೂತಲ್ಲೇ ಬೆವೆತೆ.

ಮನೆಗಳಲ್ಲಿ ನಾವು ತಪ್ಪು ಹುಡುಕುವ ರೀತಿಯೂ ಇದೇ. ಯಾವುದಾದರೂ ಕೆಟ್ಟರೆ ನಾವು ಕಾರಣವನ್ನು ಹುಡುಕುವುದಿಲ್ಲ, ಕೈಗೆ ಸಿಗುವ ತಿರುಪನ್ನು ಹುಡುಕುತ್ತೇವೆ. ಅತ್ತೆಗೆ ಸಕ್ಕರೆ ಕಾಯಿಲೆ ಏರಿದರೆ ಸೊಸೆಯ ಅಡುಗೆಯದು ತಪ್ಪು. ಮಗ ಪ್ರೀತಿಯಿಂದ ತಂದುಕೊಟ್ಟ ಮೈಸೂರುಪಾಕು ಯಾರಿಗೂ ನೆನಪಾಗುವುದಿಲ್ಲ. ಹುಡುಗ ಕುಡಿಯಲು ಕಲಿತರೆ ತಾಯಿಯ ಮುದ್ದು ಕಾರಣ, ಇಲ್ಲವೇ ಹೆಂಡತಿಯ ಕಾಲ್ಗುಣ. ಮಕ್ಕಳಾಗದಿದ್ದರೆ ಮೊದಲು ಆಸ್ಪತ್ರೆಯ ಮೆಟ್ಟಿಲು ಹತ್ತುವವಳು ಹೆಂಡತಿ. ಗಂಡನನ್ನೂ ಪರೀಕ್ಷೆ ಮಾಡಬೇಕು ಎಂದು ಡಾಕ್ಟರು ಹೇಳಿದರೆ ಆ ಡಾಕ್ಟರನ್ನೇ ಬದಲಾಯಿಸಿದವರನ್ನು ನಾನು ಕಂಡಿದ್ದೇನೆ. ಇನ್ನು ಹುಟ್ಟಿದ್ದು ಹೆಣ್ಣಾದರಂತೂ ಕೇಳುವುದೇ ಬೇಡ. ಮಗು ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ತಂದೆಯಿಂದ ಬರುವ ವರ್ಣತಂತು. ಇದನ್ನು ನಮ್ಮ ಶಾಲೆಗಳಲ್ಲೇ ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತಾರೆ. ಪಾಠ ಕೇಳಿ ನೂರಕ್ಕೆ ನೂರು ತೆಗೆದವರ ಮನೆಯಲ್ಲೂ ಮೂರನೆಯ ಹೆಣ್ಣು ಹುಟ್ಟಿದಾಗ ಬಾಣಂತಿಯೇ ತಲೆ ತಗ್ಗಿಸುತ್ತಾಳೆ.

ತಗ್ಗಿಸುತ್ತಾಳೆ ಎಂದೆ. ತಗ್ಗಿಸುವಂತೆ ಬೇರೆಯವರು ಮಾಡುತ್ತಾರೆ ಎಂಬುದು ಅರ್ಧ ಸತ್ಯ. ಎಷ್ಟೋ ವರ್ಷ ಎಲ್ಲರೂ ಬಂದು ತಿರುಗಿಸಿದ ಮೇಲೆ, ನಾವೇ ನಮ್ಮ ಕೈಯಾರೆ ತಿರುಗಿಸಿಕೊಳ್ಳತೊಡಗುತ್ತೇವೆ. ಮನೆಯಲ್ಲಿ ಏನು ಕೆಟ್ಟರೂ ‘ನನ್ನದೇ ತಪ್ಪಿರಬೇಕು’ ಎಂದು ರಾತ್ರಿ ಎದ್ದು ಕೂರುವ ಹೆಂಗಸರು ಈ ಪುಟ ಓದುತ್ತಿರುವವರಲ್ಲೂ ಇದ್ದೀರಿ.

ಹಾಗೆಂದು ಯಾರದೂ ತಪ್ಪಲ್ಲ ಎನ್ನಲು ನಾನು ಒಪ್ಪುವುದಿಲ್ಲ. ಅದು ಒಳ್ಳೆಯ ಮಾತಿನ ಹಾಗೆ ಕೇಳಿಸುತ್ತದೆ. ನಿಜವಾಗಿ ಅದು ಸೋಮಾರಿಯ ಮಾತು. ಸೀಲ್ ಒಡೆದದ್ದು ನಿಜ, ಯಾರಾದರೂ ಅದನ್ನು ಹುಡುಕಿ ಬದಲಾಯಿಸದಿದ್ದರೆ ಗಾಡಿ ಓಡುವುದಿಲ್ಲ. ಕೆಲವು ಸಲ ಕಾರ್ಬೊರೇಟರಿನದೇ ತಪ್ಪಿರುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯ ಬಟ್ಟಲಿನಲ್ಲಿ ಪೆಟ್ರೋಲು ಒಣಗಿ ಅಂಟಾಗಿ ಜೆಟ್ ಕಟ್ಟಿಕೊಳ್ಳುವುದುಂಟು, ಆಗ ಅದನ್ನು ತೊಳೆದು ಊದಲೇಬೇಕು. ತಪ್ಪು ಹುಡುಕುವುದು ಪಾಪವಲ್ಲ. ಆದರೆ ಮೇಸ್ತ್ರಿ ಹುಡುಕಿದ್ದು ಗಾಡಿ ಓಡಲಿ ಎಂದು. ನಾವು ಹುಡುಕಿದ್ದು, ‘ಇದರದು’ ಎಂದು ಬೆರಳು ತೋರಿಸಿ ನೆಮ್ಮದಿಯಾಗಿರಲು. ಒಂದು ಹೆಸರು ಸಿಕ್ಕಿತು, ಅಲ್ಲಿಗೆ ನಮ್ಮ ಹುಡುಕಾಟ ಮುಗಿಯಿತು.

ನನ್ನ ತಂದೆ ಹಾಗೆ ಮಾಡುತ್ತಿರಲಿಲ್ಲ. ಕಾಯಿಲೆಯ ದನದ ಹತ್ತಿರ ಹೋದರೆ ಅವರು ಬೇಗ ಸೂಜಿ ತೆಗೆಯುತ್ತಿರಲಿಲ್ಲ. ಕಿವಿ ಮುಟ್ಟಿ ನೋಡುವರು, ಮೂಗಿನ ತೇವ ನೋಡುವರು, ಕೊಟ್ಟಿಗೆಯ ಸಗಣಿ ನೋಡುವರು, ಮೆಲುಕು ಹಾಕುತ್ತಿದೆಯೇ ಎಂದು ನಿಂತು ಕಾಯುವರು. ‘ಅದಕ್ಕೆ ಬಾಯಿಲ್ಲ, ನಾವೇ ಕೇಳಿಸ್ಕೋಬೇಕು’ ಎನ್ನುತ್ತಿದ್ದರು. ಹೇಮಗಿರಿಯ ದನಗಳ ಜಾತ್ರೆಯಲ್ಲಿ ಅವರ ಕೈ ಹಿಡಿದು ಓಡಾಡಿದ ನಾನು ಇದನ್ನೆಲ್ಲ ಕಣ್ಣಾರೆ ನೋಡಿದವಳು. ನೋಡಿಯೂ ಕಲಿಯಲಿಲ್ಲ.

ಮೇಸ್ತ್ರಿಯ ಬೆಂಚಿನ ಮೇಲೆ ನನ್ನನ್ನು ಬೆವರಿಸಿದ್ದು ಒಬ್ಬ ಹುಡುಗಿಯ ನೆನಪು.

1999ನೇ ಇಸವಿ. ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ನನ್ನ ಏಳನೇ ತರಗತಿಯಲ್ಲಿ ಒಬ್ಬಳು ಹುಡುಗಿ ಚುರುಕಾಗಿದ್ದವಳು ಇದ್ದಕ್ಕಿದ್ದಂತೆ ಮಂಕಾದಳು. ತಡವಾಗಿ ಬರುವಳು. ಮನೆಲೆಕ್ಕ ಮಾಡಿ ತರುತ್ತಿರಲಿಲ್ಲ. ಮಧ್ಯಾಹ್ನದ ಪಾಠದಲ್ಲಿ ತೂಕಡಿಸುವಳು. ಏಳನೇ ತರಗತಿಯ ಫಲಿತಾಂಶದ ಬಗ್ಗೆ ನನಗೆ ಭಯ, ಹೊಸ ಉತ್ಸಾಹ ಬೇರೆ. ಬೈದೆ. ಬೆಂಚಿನ ಮೇಲೆ ನಿಲ್ಲಿಸಿದೆ. ಹಿಂದಿನ ಸಾಲಿಗೆ ಕಳಿಸಿದೆ. ಬೇರೆ ಮಕ್ಕಳ ಎದುರು, ‘ನಿನ್ನ ತಲೆಗೆ ಹತ್ತುವುದಿಲ್ಲ ಬಿಡು’ ಎಂದೆ. ಯಾವುದರಿಂದಲೂ ಸರಿಹೋಗದಿದ್ದಾಗ ಅವಳ ತಂದೆಯನ್ನು ಕರೆಸಿದೆ. ‘ಹೀಗಾದರೆ ಇವಳು ಶಾಲೆಗೆ ಬಂದು ಏನು ಪ್ರಯೋಜನ? ಮನೆಯಲ್ಲೇ ಇರಲಿ’ ಎಂದೆ. ಹೆದರಿಸಲು ಹೇಳಿದ ಮಾತದು. ಆತ ಕೈಮುಗಿದು, ‘ನೀವೇ ಹಂಗಂದ ಮೇಲೆ ಆಯ್ತು ಬುಡಿ ಮೇಡಂ’ ಎಂದು ಮಗಳನ್ನು ಕರೆದುಕೊಂಡು ಹೋದ. ಅವಳು ಮತ್ತೆ ಬರಲಿಲ್ಲ.

ಒಂದು ತಿಂಗಳ ಮೇಲೆ ಅವಳ ಗೆಳತಿಯಿಂದ ವಿಷಯ ತಿಳಿಯಿತು. ತಾಯಿ ಹಾಸಿಗೆ ಹಿಡಿದಿದ್ದಳು. ಹುಡುಗಿ ನಸುಕಿನಲ್ಲಿ ಎದ್ದು ಎರಡು ಹಸುಗಳ ಹಾಲು ಕರೆದು, ಡೇರಿಗೆ ಹಾಕಿ ಬಂದು, ಮುದ್ದೆ ಬೇಯಿಸಿ ತಾಯಿಗೆ ತಿನ್ನಿಸಿ, ತಮ್ಮನನ್ನು ಅಂಗನವಾಡಿಗೆ ಬಿಟ್ಟು ಶಾಲೆಗೆ ಬರುತ್ತಿದ್ದಳು. ತಾನು ಏನಾದರೂ ತಿಂದು ಬರುತ್ತಿದ್ದಳೋ ಇಲ್ಲವೋ. ಆಗ ಶಾಲೆಯಲ್ಲಿ ಬಿಸಿಯೂಟವಿರಲಿಲ್ಲ. ‘ಯಾವಾಗಿಂದ ಹೀಗೆ?’ ಎಂದು ನಾನು ಒಂದೇ ಒಂದು ಸಲ ಕೇಳಿದ್ದರೆ ಅವಳು ಹೇಳುತ್ತಿದ್ದಳು. ನಾನು ಕೇಳಿದ ಪ್ರಶ್ನೆಗಳೆಲ್ಲ ‘ಯಾಕೆ ಮಾಡಿಲ್ಲ?’ ಎಂಬ ಜಾತಿಯವು. ಅವು ಪ್ರಶ್ನೆಗಳೇ ಅಲ್ಲ.

ತಿಳಿದ ಮೇಲಾದರೂ ಅವಳ ಮನೆಗೆ ಹೋದೆನೇ? ಇಲ್ಲ. ‘ಇನ್ನು ಹೋಗಿ ಏನು ಪ್ರಯೋಜನ, ಅವರ ಮನೆಯ ಪರಿಸ್ಥಿತಿಯೇ ಹಾಗಿದೆ’ ಎಂದು ನನಗೆ ನಾನೇ ಹೇಳಿಕೊಂಡೆ. ನಾನೂ ಕೈಚೆಲ್ಲುವ ದಾರಿ ಹುಡುಕಿಕೊಂಡಿದ್ದೆ. ಹೋದರೆ ಆ ತಂದೆಯ ಎದುರು, ‘ನನ್ನ ಮಾತು ತಪ್ಪಾಯಿತು’ ಎನ್ನಬೇಕಾಗುತ್ತಿತ್ತು. ಅದಕ್ಕೆ ಹೋಗಲಿಲ್ಲ. 16 ತುಂಬುವಷ್ಟರಲ್ಲಿ ಅವಳ ಮದುವೆಯಾಯಿತೆಂದು ಕೇಳಿದೆ.

ಎರಡು ವರ್ಷದ ಹಿಂದೆ ಬಸ್ಸಿನಲ್ಲಿ ಅವಳು ಸಿಕ್ಕಿದಳು. ನನಗೆ ಗುರುತಾಗಲಿಲ್ಲ, ಅವಳೇ ಮಾತಾಡಿಸಿ, ಎದ್ದು ಸೀಟು ಕೊಟ್ಟಳು. ಮಗಳು ಎಂಟನೇ ತರಗತಿ ಓದುತ್ತಿದ್ದಾಳೆ ಎಂದಳು. ‘ಅವಳೂ ನನ್ನಂಗೇ ಮಿಸ್. ತಲೆಗೆ ಹತ್ತಲ್ಲ. ನನಗೂ ಹತ್ತುತಿರ್ಲಿಲ್ಲ ಅಲ್ವಾ? ನೀವೇ ಹೇಳೋರು’ ಎಂದು ನಕ್ಕಳು. ನಾನೂ ನಕ್ಕೆ. ನನ್ನ ಊರು ಬಂತು, ಇಳಿದುಬಿಟ್ಟೆ.

ಯಂತ್ರಕ್ಕೂ ಮನುಷ್ಯರಿಗೂ ಇರುವ ಭೇದ ಇಲ್ಲಿದೆ. ಕಾರ್ಬೊರೇಟರಿನ ಮೇಲೆ ಎಷ್ಟು ತಪ್ಪು ಹೊರಿಸಿದರೂ ಅದು ನಂಬುವುದಿಲ್ಲ. ಹಾಳಾದ ಜೆಟ್ಟನ್ನು ಬಿಸಾಡಿ, ಅದೇ ಅಳತೆಯ ಹೊಸದನ್ನು ಹಾಕಿದರೆ ಮುಗಿಯಿತು. ಮಗು ನಂಬುತ್ತದೆ. ನಂಬಿ, ಬೆಳೆದು, ಅದನ್ನೇ ತನ್ನ ಮಗುವಿನ ಮೇಲೂ ಹೊರಿಸುತ್ತದೆ. ನಾನು 1999ರಲ್ಲಿ ಆಡಿದ ಒಂದು ಸುಳ್ಳು ಮಾತು ಒಂದು ತಲೆಮಾರು ದಾಟಿ, ನಾನು ಮುಖವನ್ನೇ ನೋಡದ ಹುಡುಗಿಯೊಬ್ಬಳ ಮನೆಯಲ್ಲಿ ನಿಜವಾಗಿ ಕೂತಿತ್ತು.

ಈಗಿನ ಹೊಸ ಗಾಡಿಗಳಲ್ಲಿ ಕಾರ್ಬೊರೇಟರಿಲ್ಲವಂತೆ. 2020ರಲ್ಲಿ ಹೊಗೆಯ ನಿಯಮ ಬಿಗಿಯಾದ ಮೇಲೆ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಕೆಲಸವನ್ನು ಒಂದು ಪುಟ್ಟ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಏನಾದರೂ ಕೆಟ್ಟರೆ ಮುಂದೆ ಒಂದು ದೀಪ ಹತ್ತುತ್ತದೆ ಎಂದು ಮಗ ಹೇಳಿದ. ಒಳ್ಳೆಯದೇ ಆಯಿತು. ಮಕ್ಕಳ ಹಣೆಯ ಮೇಲೆ ಅಂಥ ದೀಪವಿಲ್ಲ. ಅವರು ತಡವಾಗಿ ಬರುತ್ತಾರೆ, ತೂಕಡಿಸುತ್ತಾರೆ, ಸುಳ್ಳು ಹೇಳುತ್ತಾರೆ. ಅದನ್ನೇ ದೀಪವೆಂದು ತಿಳಿಯಬೇಕಾದವರು ನಾವು.

ಮೇಸ್ತ್ರಿ ಸೀಲ್ ಬದಲಾಯಿಸಿ, ಹೊಸ ಜೆಟ್ ಹಾಕಿದರು. ಕೊನೆಯಲ್ಲಿ, ಎಲ್ಲ ಮುಗಿದ ಮೇಲೆ, ಆ ಎರಡು ತಿರುಪುಗಳಿಗೆ ಕೈ ಹಾಕಿದರು. ಗಾಳಿಯ ತಿರುಪನ್ನು ಮೆಲ್ಲಗೆ ಪೂರ್ತಿ ಮುಚ್ಚಿ, ಅಲ್ಲಿಂದ ಸುತ್ತು ಎಣಿಸುತ್ತಾ ತೆರೆದರು. ‘ಎಣಿಸ್ಕೊಂಡ್ರೆ ವಾಪಸ್ ಬರಬೋದು’ ಎಂದರು. ಗಾಡಿ ಮೂರನೆಯ ಕಿಕ್ಕಿಗೆ ಎದ್ದಿತು. ಆ ಹಳೆಯ ಡುಗುಡುಗು ಕೇಳಿ ಅಮ್ಮ ಬೀದಿಬಾಗಿಲಿಗೆ ಬಂದು ನಿಂತಿದ್ದರೆಂದು ಆಮೇಲೆ ತಮ್ಮನ ಹೆಂಡತಿ ಹೇಳಿದಳು.

ಮುಂದಿನ ಭಾನುವಾರ ನಾನು ಆ ಹುಡುಗಿಯ ಊರಿಗೆ ಹೋದೆ. ಹುಡುಗಿ ಎನ್ನುತ್ತೇನೆ, ಈಗ ಅವಳಿಗೆ 40ರ ಹತ್ತಿರ. ಜಗಲಿಯ ಮೇಲೆ ಕೂರಿಸಿದಳು. ನಾನು ಸುತ್ತಿ ಬಳಸದೆ ಹೇಳಿದೆ: ‘ನಿನ್ನ ತಲೆಗೆ ಹತ್ತುತ್ತಿರಲಿಲ್ಲ ಅನ್ನೋದು ಸುಳ್ಳು ಕಣಮ್ಮ. ನಿಮ್ಮ ಅವ್ವನಿಗೆ ಹುಷಾರಿರಲಿಲ್ಲ, ಮನೆ ಕೆಲಸವೆಲ್ಲ ನಿನ್ನ ಮೇಲಿತ್ತು. ನಾನು ಕೇಳದೆ ಬೈದೆ. ತಪ್ಪು ನನ್ನದು.’

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಅವ್ವಂಗೆ ಹುಷಾರಿಲ್ಲ ಅಂತ ನಿಮಗೆ ಯಾವಾಗ ಗೊತ್ತಾಯ್ತು ಮಿಸ್?’ ಎಂದಳು.

‘ಆಗಲೇ. ನೀನು ಬಿಟ್ಟ ಒಂದು ತಿಂಗಳಿಗೆ.’

‘ಆಗ್ಲೇ ಗೊತ್ತಿತ್ತಾ?’

ಅಷ್ಟೇ ಕೇಳಿದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಇವತ್ತಿಗೂ ಇಲ್ಲ. ಅವಳು ಎದ್ದು ಒಳಗೆ ಹೋದಳು. ಪಾತ್ರೆಯ ಸದ್ದು ಕೇಳಿಸಿತು. ನನ್ನನ್ನು ಕ್ಷಮಿಸಿದಳೋ ಇಲ್ಲವೋ ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಮಗಳ ಕೈಯಲ್ಲಿ ಕಾಫಿ ಕಳಿಸಿ, ಹಿಂದೆಯೇ ಬಂದು ಬಾಗಿಲಿಗೆ ಒರಗಿ ನಿಂತಳು. ‘ಇವ್ರೇ ನಮ್ ಮಿಸ್ಸು ಕಣೇ. ನಾನ್ ದಡ್ಡಿ ಅಲ್ಲ ಅಂತ ಹೇಳಕ್ಕೆ ಬಂದವ್ರೆ’ ಎಂದು ಮಗಳಿಗೆ ಹೇಳಿದಳು. ಅದು ನಗೆಯೋ ಇನ್ನೇನೋ ನನಗೆ ತಿಳಿಯಲಿಲ್ಲ.

ಹುಡುಗಿ ತಟ್ಟೆ ಹಿಡಿದು ನಿಂತಿದ್ದಳು. ಗಣಿತ ಏನೂ ಬರುವುದಿಲ್ಲ, ಎಲ್ಲದರಲ್ಲೂ ಫೇಲು ಎಂದು ತಾಯಿ ಶುರು ಮಾಡಿದಳು. ನಾನು ಕಾಫಿಯ ಲೋಟ ಕೆಳಗಿಟ್ಟು ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

‘ಯಾವಾಗಿಂದ ಹೀಗೆ?’ ಎಂದು ಕೇಳಿದೆ.

ಅವಳು ತಾಯಿಯ ಮುಖ ನೋಡಿದಳು. ಆಮೇಲೆ ನಿಧಾನವಾಗಿ ಹೇಳತೊಡಗಿದಳು.